ನಾಯಿಯ ಹೊಟ್ಟೆಗೆ ಹತ್ತು ದಿನದ ವಾಯಿದೆ

ದೀಪಾವಳಿಯ ಜಾತ್ರೆ ಮುಗಿದ ವಾರದಲ್ಲಿ ಹುಲಜಂತಿಯ ಕಡೆಯ ಪಾಲಕರೊಬ್ಬರು ನನ್ನ ಕಚೇರಿಗೆ ಬಂದು ಅಪರೂಪದ ದಾವೆಯೊಂದರ ಮಾತೆತ್ತಿದರು. ಅವರದು ಕುರಿ ಸಾಕುವ ಮನೆತನ. ಮುಧೋಳ ಸೀಮೆಯ ಬೀಗರು ಕೊಟ್ಟ ಎರಡು ವರ್ಷದ ನಾಯಿ ಅವರ ಕುರಿದೊಡ್ಡಿಯನ್ನು ಕಾಯುತ್ತದೆ. ಪುಣೆಯಲ್ಲಿ ನೌಕರಿಯಲ್ಲಿರುವ ಹಿರಿಯ ಮಗನು ಹಬ್ಬಕ್ಕೆ ಬಂದವನು ನಾಯಿಯ ಪಕ್ಕೆಲುಬು ಎದ್ದು ಕಾಣುತ್ತಿವೆಯೆಂದು ಮರುಗಿ, ಪೇಟೆಯಿಂದ ಸಿದ್ಧ ಆಹಾರದ ಕಾಳನ್ನು ಐದು ಕಿಲೋ ತಂದನು. ಅಂದಿನಿಂದಲೇ ರೊಟ್ಟಿ-ಮಜ್ಜಿಗೆ ನಿಂತಿತು. ಮೂರನೆಯ ದಿನಕ್ಕೆ ನಾಯಿಗೆ ಭೇದಿ ಹತ್ತಿತು. ಕನ್ನಡ ಶಾಲೆಯಲ್ಲಿ ಎಂಟನೆಯ ಇಯತ್ತೆ ಓದುವ ಕಿರಿಯ ಮಗನು ತಾನೂ ಊಟ ಬಿಟ್ಟು ಅದರ ಪಕ್ಕದಲ್ಲಿ ಕುಳಿತನಂತೆ. "ವಕೀಲ ಸಾಹೇಬ್ರ, ಅಂಗಡಿಯವನ ಮ್ಯಾಲ ಕೇಸ್ ಹಾಕೂಣ್ರಿ, ಕಾಳಿನ್ಯಾಗ ವಿಷಾ ಇತ್ತ" ಎಂಬುದು ತಂದೆಯ ಹಟ.

ವಿಷವಿತ್ತೇ ಎಂಬುದನ್ನು ಪ್ರಯೋಗಶಾಲೆಯೇ ಹೇಳಬೇಕು. ನಾನು ಕೇಳಿದ್ದು ಮೂರೇ ಪ್ರಶ್ನೆ. ಪಾವತಿ ಇದೆಯೇ? ಇಲ್ಲ. ಚೀಲದ ಮೇಲೆ ತಯಾರಕನ ಹೆಸರು, ದಿನಾಂಕ ಇವೆಯೇ? ಒಡೆದ ದೊಡ್ಡ ಚೀಲದಿಂದ ತೂಗಿಕೊಟ್ಟ ಕಾಳು, ಹೆಸರೆಲ್ಲಿಯದು! ಎಷ್ಟು ಹಾಕಿದಿರಿ? ರೊಟ್ಟಿ ಹಾಕುತ್ತಿದ್ದ ಬೋಗುಣಿಯ ತುಂಬ. ಮೊದಲೆರಡು ಉತ್ತರಗಳಿಂದ ದಾವೆಯ ಕಾಲು ಮುರಿಯಿತು. ಮೂರನೆಯ ಉತ್ತರದಿಂದ ಭೇದಿಯ ಕಾರಣವೇ ಬಹುಮಟ್ಟಿಗೆ ತಿಳಿಯಿತು.

ನಾಯಿಯ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸವಾಗಿವೆ. ನಿತ್ಯ ಬರುವ ಆಹಾರಕ್ಕೆ ತಕ್ಕಂತೆ ಅವುಗಳ ಸಂಸಾರ ನೆಲೆಗೊಂಡಿರುತ್ತದೆ. ಮೇದೋಜೀರಕ ಗ್ರಂಥಿಯು ಸ್ರವಿಸುವ ಕಿಣ್ವಗಳ ಪ್ರಮಾಣವೂ ಅದೇ ಆಹಾರಕ್ಕೆ ಒಗ್ಗಿರುತ್ತದೆ. ಜೋಳದ ಪಿಷ್ಟವನ್ನೇ ಕಂಡ ಹೊಟ್ಟೆಗೆ ಒಮ್ಮೆಲೇ ಕೊಬ್ಬು-ಮಾಂಸಸಾರಗಳ ಕಾಳು ಬಿದ್ದರೆ, ಅರಗದೆ ಉಳಿದ ಭಾಗವು ದೊಡ್ಡ ಕರುಳಿಗೆ ಇಳಿದು ಹುದುಗುತ್ತದೆ, ನೀರನ್ನು ಸೆಳೆದುಕೊಳ್ಳುತ್ತದೆ. ಅದೇ ಭೇದಿ. ಇನ್ನೊಂದು ಸಂಗತಿಯನ್ನು ಜನರು ಗಮನಿಸುವುದೇ ಇಲ್ಲ. ಮಜ್ಜಿಗೆಯಲ್ಲಿ ನೆನೆದ ರೊಟ್ಟಿಯ ಬೋಗುಣಿಯಲ್ಲಿ ನೀರೇ ಹೆಚ್ಚು. ಒಣ ಕಾಳಿನಲ್ಲಿ ತೇವಾಂಶವು ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಅದೇ ಬೋಗುಣಿಯ ತುಂಬ ಕಾಳು ಹಾಕಿದರೆ ನಾಯಿಗೆ ಬಡಿಸಿದ್ದು ಒಂದು ಊಟವಲ್ಲ, ಎರಡು ಮೂರು ಊಟ. ಜೊತೆಗೆ ಕುಡಿಯಲು ನೀರು ಹೆಚ್ಚು ಬೇಕಾಗುತ್ತದೆ. ದೊಡ್ಡಿಯ ಬಳಿ ಅದನ್ನು ಇಡುವವರು ವಿರಳ.

ರೊಟ್ಟಿ ತಿನ್ನಿಸುವುದು ಹಳ್ಳಿಗರ ಅಜ್ಞಾನವೆಂದು ಪೇಟೆಯ ಮಕ್ಕಳು ನಗುವುದುಂಟು. ಆ ನಗೆಗೆ ಆಧಾರವಿಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್‌ಸನ್ ಮತ್ತು ಸಂಗಡಿಗರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ಸಾಕುನಾಯಿಯಲ್ಲಿ ಹಲವು ಪಟ್ಟು ಹೆಚ್ಚು. ಮನುಷ್ಯನ ಬೇಸಾಯದ ಅಂಗಳದಲ್ಲಿ ಬಾಳಿ ನಾಯಿಯು ಕಾಳುಕಡಿ ಅರಗಿಸಿಕೊಳ್ಳಲು ಕಲಿತಿದೆ. ಜೋಳಕ್ಕೆ ಹೆಸರಾದ ಮಂಗಳವೇಢಾ ತಾಲೂಕಿನ ನಾಯಿಗೆ ರೊಟ್ಟಿ ಪರಕೀಯವಲ್ಲ. ಮುಧೋಳ ತಳಿಯ ಮೈಕಟ್ಟೇ ಓಟಕ್ಕೆ ತಕ್ಕುದಾಗಿ ತೆಳ್ಳಗಿನದು. ಆರೋಗ್ಯವಂತ ನಾಯಿಯಲ್ಲಿಯೂ ಕೊನೆಯ ಒಂದೆರಡು ಪಕ್ಕೆಲುಬುಗಳು ಕಾಣುತ್ತವೆ. ಅದನ್ನು ಕಂಡು ಮರುಗುವ ಅಗತ್ಯವಿಲ್ಲ. ಆದರೆ ಬೆಳೆಯುವ ಮರಿಗೆ, ಮರಿ ಹಾಕಿದ ತಾಯಿಗೆ ಬರೀ ರೊಟ್ಟಿ ಸಾಲದು. ಮೊಟ್ಟೆ, ಬೇಯಿಸಿದ ಮಾಂಸ ಇಲ್ಲವೆ ಸಿದ್ಧ ಆಹಾರ ಬೇಕೇ ಬೇಕು. ಹೀಗಾಗಿ ಮಗನು ಆಹಾರ ಬದಲಿಸಿದ್ದು ಅಪರಾಧವಲ್ಲ, ಒಂದೇ ದಿನದಲ್ಲಿ ಬದಲಿಸಿದ್ದೇ ತೊಡಕು.

ನ್ಯಾಯಾಲಯದಲ್ಲಿ ನಾವು ವಾಯಿದೆ ಕೇಳಿದರೆ ಕಕ್ಷಿದಾರರು ಸಿಡುಕುತ್ತಾರೆ. ನಾಯಿಯ ಹೊಟ್ಟೆಗೆ ಮಾತ್ರ ವಾಯಿದೆ ಕೊಡಲೇಬೇಕು, ಹತ್ತು ದಿನದ್ದು. ಮೊದಲ ಮೂರು ದಿನ ಮುಕ್ಕಾಲು ಪಾಲು ಹಳೆಯ ಆಹಾರ, ಕಾಲು ಪಾಲು ಹೊಸದು. ಮುಂದಿನ ಮೂರು ದಿನ ಅರ್ಧಕ್ಕರ್ಧ. ಆಮೇಲೆ ಮೂರು ದಿನ ಹೊಸದು ಮುಕ್ಕಾಲು. ಹತ್ತನೆಯ ದಿನ ಪೂರ್ತಿ ಹೊಸದು. ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ರೊಟ್ಟಿಯ ಚೂರಿನೊಡನೆ ಕಲಸಿದರೆ ನಾಯಿಯು ಒಂದನ್ನು ಆರಿಸಿ ಇನ್ನೊಂದನ್ನು ಬಿಡಲಾರದು. ನಡುವೆ ಮಲ ಸಡಿಲವಾದರೆ ಹಿಂದಿನ ಹಂತಕ್ಕೆ ಮರಳಿ ಎರಡು ಮೂರು ದಿನ ಅಲ್ಲಿಯೇ ನಿಲ್ಲಬೇಕು. ಈ ಅವಧಿಯಲ್ಲಿ ಹಬ್ಬದ ಹೋಳಿಗೆ, ಮಸಾಲೆಯ ಎಲುಬು, ಹಸಿ ಹಾಲು ಯಾವುದೂ ಬೇಡ. ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ತಿಳಿಯದು.

ಭೇದಿಯಾದರೂ ದೊಡ್ಡ ನಾಯಿ ಓಡಾಡುತ್ತ, ನೀರು ಕುಡಿಯುತ್ತ ಇದ್ದರೆ ಗಾಬರಿ ಬೇಡ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಸ್ವಲ್ಪ ಮೊಸರು ಇಲ್ಲವೆ ಎಣ್ಣೆ, ಮಸಾಲೆ ಹಾಕದೆ ಬೇಯಿಸಿ ಎಲುಬು ತೆಗೆದ ಕೋಳಿಮಾಂಸ ಬೆರೆಸಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡಬೇಕು. ಎರಡು ದಿನದಲ್ಲಿ ಇಳಿಮುಖವಾಗದಿದ್ದರೆ ವೈದ್ಯರ ಕಡೆಗೆ ನಡೆಯಬೇಕು. ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಮೇಲಿಂದ ಮೇಲೆ ವಾಂತಿ, ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ತಟ್ಟನೆ ಕೂಡದಿರುವುದು, ಇವುಗಳಲ್ಲಿ ಒಂದು ಕಂಡರೂ ಎರಡು ದಿನದ ಮಾತೇ ಇಲ್ಲ, ಆ ಗಳಿಗೆಯೇ ಹೊರಡಬೇಕು. ಲಸಿಕೆಯಾಗದ ಮರಿಯು ದುರ್ನಾತದ ರಕ್ತಭೇದಿ ಮಾಡಿದರೆ ಅದು ಆಹಾರದ ದೋಷವಲ್ಲ, ಪಾರ್ವೊ ಎಂಬ ವೈರಾಣುವಿನ ರೋಗವಿರಬಹುದು. ಅಲ್ಲಿ ಒಂದು ದಿನ ತಡಮಾಡಿದರೂ ಮರಿ ಕೈಬಿಟ್ಟು ಹೋಗುತ್ತದೆ.

ಮನೆಯಲ್ಲಿ ಉಳಿದ ನಮ್ಮ ಗುಳಿಗೆಯನ್ನು ಅರ್ಧ ಮುರಿದು ಕೊಡುವ ರೂಢಿಯನ್ನು ನಾನು ಖಂಡಿಸುತ್ತೇನೆ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಯು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ನಮ್ಮ ಸೀಮೆಗೆ ಇನ್ನೊಂದು ಎಚ್ಚರಿಕೆ: ಸೋಲಾಪುರ, ಸಾಂಗಲಿ, ವಿಜಯಪುರಗಳಲ್ಲಿ ದ್ರಾಕ್ಷಿಯ ತೋಟಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಬೇಕಾದಷ್ಟಿವೆ. ದ್ರಾಕ್ಷಿ ಹಸಿಯಿರಲಿ ಒಣಗಿರಲಿ, ಕೆಲವು ನಾಯಿಗಳಿಗೆ ಸ್ವಲ್ಪವೇ ತಿಂದರೂ ಮೂತ್ರಪಿಂಡ ವಿಫಲವಾಗುತ್ತದೆ. ಈರುಳ್ಳಿ-ಬೆಳ್ಳುಳ್ಳಿಗಳು ರಕ್ತಕಣಗಳನ್ನು ಒಡೆಯುತ್ತವೆ. ಮಕ್ಕಳು ಪ್ರೀತಿಯಿಂದ ಕೊಡುವ ಚಾಕೊಲೇಟೂ ವಿಷವೇ.

ಕಾನೂನಿನ ಮಾತು ಬೇಗ ಮುಗಿಸುವೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಸಾಕಿದವನು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು ಅಪರಾಧ. ಪೊಟ್ಟಣದ ಆಹಾರವನ್ನೇ ಕೊಡಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಕೊಳ್ಳುವುದಾದರೆ ಮುಚ್ಚಿದ ಪೊಟ್ಟಣವನ್ನೇ ಕೊಳ್ಳಿರಿ: ಅದರ ಮೇಲೆ ತಯಾರಕನ ಹೆಸರು-ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು-ವರ್ಷ, ಗರಿಷ್ಠ ಬೆಲೆ ಇರಲೇಬೇಕು. ನಾಯಿಯ ತೂಕಕ್ಕೆ ಎಷ್ಟು ಗ್ರಾಂ ಎಂಬ ಕೋಷ್ಟಕವೂ ಸಾಮಾನ್ಯವಾಗಿ ಇರುತ್ತದೆ. ಬೋಗುಣಿಯ ಅಳತೆ ಬಿಟ್ಟು ಅದನ್ನು ನೋಡಬೇಕು. ಪಾವತಿಯನ್ನೂ ಪೊಟ್ಟಣವನ್ನೂ ಆಹಾರ ಮುಗಿಯುವವರೆಗೆ ಕಾದಿಡಿರಿ. ನಿಜವಾಗಿ ದೋಷವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲನೂ ಕಡ್ಡಾಯವಲ್ಲ (ಇದನ್ನು ವಕೀಲನೇ ಬರೆಯುತ್ತಿರುವನೆಂಬುದು ಓದುಗರ ಗಮನದಲ್ಲಿರಲಿ).

ಆ ಕಿರಿಯ ಮಗನಿಗೆ ನಾನು ಒಂದು ಕೆಲಸ ಒಪ್ಪಿಸಿ ಕಳುಹಿಸಿದೆನು. ಹಳೆಯ ವಹಿಯೊಂದರಲ್ಲಿ ದಿನಾಂಕ, ಹಾಕಿದ ಆಹಾರ, ಕುಡಿದ ನೀರು, ಮಲದ ಸ್ವರೂಪ, ಎಷ್ಟು ಸಲ ಎಂಬುದನ್ನು ಕನ್ನಡದಲ್ಲಿ ಬರೆದಿಡುವುದು. ರೊಟ್ಟಿ-ಮಜ್ಜಿಗೆಗೆ ಮರಳಿದ ನಾಯಿ ವಾರದೊಳಗೆ ಚೇತರಿಸಿಕೊಂಡಿತು; ಬಳಿಕ ಕಾಲು ಪಾಲಿನಿಂದ ಮತ್ತೆ ಆರಂಭಿಸಿದ್ದಾರೆ. ನಮ್ಮ ಮಕ್ಕಳು ಸರಕಾರಿ ಪಶುವೈದ್ಯಕೀಯ ದವಾಖಾನೆಗೆ ಹೋದಾಗ ಮರಾಠಿಯಲ್ಲಿ ಉತ್ತರಿಸಬೇಕಾಗಿ ಬಾಯಿ ಕಟ್ಟಿ ನಿಲ್ಲುವುದನ್ನು ಕಂಡಿದ್ದೇನೆ. ಭೇದಿಗೆ ಅಲ್ಲಿ ಜುಲಾಬ, ವಾಂತಿಗೆ ಉಲಟಿ, ಹೊಟ್ಟೆಯ ಹುಳುವಿಗೆ ಜಂತ ಎನ್ನುತ್ತಾರೆ. ಜಂತಿನ ಔಷಧ ಎಂದು ಕೊಟ್ಟಿರಿ, ಲಸಿಕೆ ಯಾವಾಗ ಆಯಿತು, ಆಹಾರ ಯಾವಾಗ ಬದಲಾಯಿತು ಎಂಬಿಷ್ಟನ್ನು ವೈದ್ಯರು ಕೇಳಿಯೇ ಕೇಳುತ್ತಾರೆ. ಅವುಗಳ ಉತ್ತರವನ್ನು ವಹಿಯ ಮೊದಲ ಪುಟದಲ್ಲಿಯೇ ಬರೆದುಕೊಂಡು ಹೋಗಲಿ.