ಮನೆವಾರ್ತೆ: ಕೆಟ್ಟ ಮೆಮೊರಿ ಕಾರ್ಡಿನಿಂದ ಚಿತ್ರಗಳನ್ನು ಉಳಿಸಿಕೊಳ್ಳುವ ಬಗೆ

ಮದುವೆ, ಮುಂಜಿ, ನಾಮಕರಣ ಮೊದಲಾದ ಶುಭಕಾರ್ಯಗಳ ಚಿತ್ರಗಳೆಲ್ಲವೂ ಈಗ ಅಂಚೆಚೀಟಿಯಷ್ಟು ಅಗಲದ ಒಂದು ಮೆಮೊರಿ ಕಾರ್ಡಿನಲ್ಲಿ ಅಡಗಿರುವುವು. ನೆಂಟರಿಷ್ಟರು ಊರಿಗೆ ಹೊರಟ ಮೇಲೆ ಕ್ಯಾಮೆರಾವು ‘ಕಾರ್ಡನ್ನು ಓದಲು ಸಾಧ್ಯವಿಲ್ಲ’ ಎಂದು ತೋರಿಸಿದರೆ ಮನೆಮಂದಿಗೆ ದಿಕ್ಕು ತೋಚದಂತಾಗುವುದು ಸಹಜ. ಕೂಟದಲ್ಲಿ ಕುಳಿತಿದ್ದ ಅಜ್ಜಿಯ ಚಿತ್ರವನ್ನು ಮತ್ತೆ ತೆಗೆಯುವ ಅವಕಾಶ ಒದಗದೆಯೂ ಹೋಗಬಹುದು. ಆದರೆ ಹೀಗೆ ಕಾಣದಾದ ಚಿತ್ರಗಳು ಎಷ್ಟೋ ವೇಳೆ ಕಾರ್ಡಿನಲ್ಲಿಯೇ ಇರುವುವು. ಗಾಬರಿಯಲ್ಲಿ ಮಾಡುವ ಒಂದೆರಡು ಕೆಲಸಗಳಿಂದ ಅವು ನಿಜವಾಗಿ ನಾಶವಾಗುವುವು. ಆದಕಾರಣ ಈ ವಿಷಯವನ್ನು ವಾಚಕರಿಗೆ ತಿಳಿಸುವುದು ಉಚಿತವೆಂದು ನಾವು ಭಾವಿಸುವೆವು.

ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕ ಎಂಬವರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಷ್ ಮೆಮೊರಿಯೇ ಈ ಕಾರ್ಡುಗಳ ಜೀವಾಳ. ಅದರ ಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ಕಣಗಳನ್ನು ಹಿಡಿದಿಟ್ಟು ಚಿತ್ರವನ್ನು ಬರೆಯುವರು. ಅಳಿಸಿ ಅಳಿಸಿ ಬರೆದಂತೆ ಕೋಶಗಳು ಸವೆಯುವುವು. ಕಾರ್ಡಿನಲ್ಲಿ ಚಿತ್ರಗಳಲ್ಲದೆ, ಯಾವ ಚಿತ್ರ ಎಲ್ಲಿದೆಯೆಂಬ ಒಂದು ಪಟ್ಟಿಯೂ ಉಂಟು. ಬರೆಯುತ್ತಿರುವಾಗಲೇ ಬ್ಯಾಟರಿ ಮುಗಿದರೆ, ಅಥವಾ ಕಾರ್ಡನ್ನು ಹೊರಗೆಳೆದರೆ, ಈ ಪಟ್ಟಿಯು ಕೆಡುವುದು. ಪುಸ್ತಕದ ವಿಷಯಾನುಕ್ರಮಣಿಕೆ ಹರಿದುಹೋದರೂ ಪುಟಗಳು ಉಳಿದಿರುವಂತೆ, ಚಿತ್ರಗಳು ಉಳಿದಿರುವುವು.

ಆದುದರಿಂದ ಮೊದಲು ಮಾಡತಕ್ಕದ್ದೆಂದರೆ, ಆ ಕಾರ್ಡಿನಲ್ಲಿ ಮುಂದೆ ಒಂದು ಚಿತ್ರವನ್ನೂ ತೆಗೆಯದಿರುವುದು. ಹೊಸ ಚಿತ್ರವು ಹಳೆಯದರ ಮೇಲೆಯೇ ಕುಳಿತರೆ, ಹಳೆಯದನ್ನು ಮರಳಿ ಪಡೆಯುವ ಆಸೆಯನ್ನು ಬಿಡಬೇಕು. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಬೀಗದ ಗುಂಡಿಯನ್ನು ಸರಿಸಿಡುವುದು ಲೇಸು. ಕಂಪ್ಯೂಟರು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ, ಬೇಡವೆಂದೇ ಉತ್ತರಿಸತಕ್ಕದ್ದು. ‘ದುರಸ್ತಿ ಮಾಡಲೇ?’ ಎಂಬ ಪ್ರಶ್ನೆಗೂ ಸದ್ಯಕ್ಕೆ ಅದೇ ಉತ್ತರ.

ಎರಡನೆಯದಾಗಿ, ದೋಷವು ಕಾರ್ಡಿನದೇ ಹೌದೋ ಎಂದು ನೋಡಬೇಕು. ಕಾರ್ಡಿನ ಹಿತ್ತಾಳೆಬಣ್ಣದ ಪಟ್ಟಿಗಳನ್ನು ಒಣಗಿದ ಮೆದುಬಟ್ಟೆಯಿಂದ ಒರಸಿ, ಬೇರೊಂದು ಕಾರ್ಡ್ ರೀಡರಿನಲ್ಲಿಟ್ಟು ಪರೀಕ್ಷಿಸಿರಿ. 32 ಜಿಬಿಗೆ ಮೇಲ್ಪಟ್ಟ ಕಾರ್ಡುಗಳನ್ನು ಹಳೆಯ ರೀಡರುಗಳು ಓದದಿರುವುದುಂಟು. ಅಲ್ಲಿ ಕಾರ್ಡಿನ ತಪ್ಪೇನೂ ಇರುವುದಿಲ್ಲ.

ಮೂರನೆಯದಾಗಿ, ಕಂಪ್ಯೂಟರಿಗೆ ಕಾರ್ಡು ಸರಿಯಾದ ಅಳತೆಯಲ್ಲಿ ಕಾಣುತ್ತಿದ್ದರೆ, ಮೊದಲು ಇಡೀ ಕಾರ್ಡಿನ ಪಡಿಯಚ್ಚನ್ನು ತೆಗೆದುಕೊಳ್ಳತಕ್ಕದ್ದು. ಸಾಯುತ್ತಿರುವ ಕಾರ್ಡನ್ನು ಪದೇ ಪದೇ ಓದಿಸುವುದು ಅಪಾಯಕರ. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಸಾಧನವು ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಕೈಹಾಕುವುದು. ಬಳಿಕ ಆ ಪಡಿಯಚ್ಚಿನ ಮೇಲೆ ಫೋಟೋರೆಕ್ ಎಂಬ ತಂತ್ರಾಂಶವನ್ನು ನಡೆಸಿರಿ. ಕ್ರಿಸ್ತೋಫ್ ಗ್ರೆನಿಯೇ ಅವರು ರಚಿಸಿದ ಇದು ಉಚಿತವಾಗಿ ದೊರೆಯುವುದು. ಇದು ಕೆಟ್ಟ ಪಟ್ಟಿಯನ್ನು ನಂಬದೆ, ಪ್ರತಿಯೊಂದು ಜೆಪೆಗ್ ಚಿತ್ರದ ಆರಂಭದಲ್ಲಿರುವ ಗುರುತನ್ನು ಹುಡುಕಿ ಚಿತ್ರವನ್ನು ಹೊರತೆಗೆಯುವುದು. ಹಳೆಯ ಹೆಸರುಗಳು ಹೋಗಿರುವುವಾದರೂ, ಚಿತ್ರದೊಳಗೆ ಬರೆದಿರುವ ತಾರೀಖಿನಿಂದ ಅವನ್ನು ಕ್ರಮಪಡಿಸಬಹುದು. ತುಂಡುತುಂಡಾಗಿ ಬರೆಯಲ್ಪಟ್ಟ ವಿಡಿಯೋಗಳು ಮಾತ್ರ ಅಪೂರ್ಣವಾಗಿ ಬರಬಹುದು. ಸಿಕ್ಕಿದ ಚಿತ್ರಗಳನ್ನು ಕಂಪ್ಯೂಟರಿನಲ್ಲಿಯೇ ಇರಿಸಬೇಕಲ್ಲದೆ ಅದೇ ಕಾರ್ಡಿಗೆ ಎಂದೂ ಬರೆಯಕೂಡದು.

ಯಾವ ರೀಡರಿನಲ್ಲಿಟ್ಟರೂ ಕಾರ್ಡು ಕಾಣದಿದ್ದರೆ, ಮನೆಯ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿರಿ. ಒಳಗಿನ ನಿಯಂತ್ರಕವು ಕೆಟ್ಟಾಗ ತಂತ್ರಾಂಶದಿಂದ ಪ್ರಯೋಜನವಿಲ್ಲ. ನುರಿತ ತಜ್ಞರು ಸ್ಮೃತಿಭಾಗವನ್ನೇ ನೇರವಾಗಿ ಓದಬಲ್ಲರಾದರೂ, ಅದಕ್ಕೆ ಹಣ ಹೆಚ್ಚು ತಗಲುವುದು. ಚಿತ್ರಗಳ ಬೆಲೆಯನ್ನು ಮನೆಯವರೇ ತೂಗಿ ನೋಡಬೇಕು. ಮೇಲೆ ಬೇರೆ ಬರೆದುಹೋದ ಚಿತ್ರವನ್ನೂ ತಂದುಕೊಡುವೆನೆಂದು ಮುಂಗಡ ಕೇಳುವವರಿಂದ ದೂರವಿರುವುದು ಕ್ಷೇಮ.

ಚಿತ್ರಗಳು ದೊರೆತ ಮೇಲೆ, ಓದುವುದರಲ್ಲಿ ತಡವರಿಸಿದ ಕಾರ್ಡನ್ನು ಬಿಸುಟುಬಿಡಿರಿ. ಹೊಸದನ್ನು ಕೊಳ್ಳುವಾಗ ಅತಿ ಅಗ್ಗಕ್ಕೆ ಮರುಳಾಗಬಾರದು. ಹೊರಗೆ 128 ಜಿಬಿ ಎಂದು ಬರೆದು ಒಳಗೆ ಅದರಲ್ಲಿ ಅಲ್ಪಭಾಗವೇ ಇರುವ ಕಳ್ಳಮಾಲು ಪೇಟೆಯಲ್ಲುಂಟು. ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಧನಗಳಿಂದ ಇದನ್ನು ಮೊದಲ ದಿನವೇ ಪರೀಕ್ಷಿಸಬಹುದು.

ಕಡೆಯದಾಗಿ, ಸಮಾರಂಭ ಮುಗಿದ ರಾತ್ರಿಯೇ ಚಿತ್ರಗಳನ್ನು ಎರಡು ಬೇರೆ ಬೇರೆ ಕಡೆಗಳಲ್ಲಿ ನಕಲು ಮಾಡಿಕೊಂಡು, ಕೆಲವನ್ನು ತೆರೆದು ನೋಡಿ, ಅನಂತರವೇ ಕಾರ್ಡನ್ನು ಬರಿದು ಮಾಡಿರಿ. ಎರಡನೆಯ ಪ್ರತಿಯು ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಇದ್ದರೆ ಇನ್ನೂ ಒಳ್ಳೆಯದು.