ಅಳತೆ ಮುರಿದ ಸಾಲು, ಚೌಕಟ್ಟು ಮೀರಿದ ಚಿತ್ರ
ಇರಾನಿನ ಮಕ್ಕಳ ಪುಸ್ತಕಗಳ ಚಿತ್ರಗಳು ಬರೀ ಅಲಂಕಾರವಾಗಿ ಉಳಿಯಲಿಲ್ಲ. ಅದರ ಶ್ರೇಯಸ್ಸಿನಲ್ಲಿ ಅಲ್ಲಿನ ಹೊಸಕಾವ್ಯಕ್ಕೂ ಪಾಲು ಸಲ್ಲಬೇಕು. ದ್ವಿಪದಿಯ ಸಮ ಅಳತೆ ಮುರಿದು, ಭಾವಕ್ಕೆ ತಕ್ಕಂತೆ ಸಾಲನ್ನು ಹಿಗ್ಗಿಸಿ ಕುಗ್ಗಿಸಿದವರು ಕವಿ ನೀಮಾ ಯೂಷಿಜ್. 1965ರಲ್ಲಿ ಟೆಹರಾನಿನಲ್ಲಿ ಹುಟ್ಟಿದ 'ಕಾನೂನ್' ಎಂಬ ಮಕ್ಕಳ ಸಂಸ್ಥೆ ಹೊಸಕಾವ್ಯದ ಕವಿಗಳನ್ನೂ ಚಿತ್ರಕಾರರನ್ನೂ ಒಂದೇ ಸೂರಿನಡಿ ತಂದಿತು. ಕವಿ ಅಹ್ಮದ್ ರೆಜಾ ಅಹ್ಮದಿಯವರ ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಬಿಡಿಸಿದವರು, ಮುಂದೆ ಸಿನಿಮಾದಿಂದ ಜಗತ್ತಿಗೇ ಪರಿಚಿತರಾದ ಅಬ್ಬಾಸ್ ಕಿಯಾರೊಸ್ತಮಿ. 1968ರಲ್ಲಿ ಕಾನೂನ್ ಸಂಸ್ಥೆಯಿಂದಲೇ ಬಂದ 'ಪುಟ್ಟ ಕಪ್ಪು ಮೀನು' ಪುಸ್ತಕ ನೋಡಿ: ಫರ್ಷಿದ್ ಮೆಸ್ಗಾಲಿಯವರ ಅಚ್ಚೊತ್ತಿದಂಥ ಗೆರೆ, ಕೆಲವೇ ಬಣ್ಣ, ಮಿಕ್ಕಿದ್ದು ಓದುವ ಮಗುವಿನ ಪಾಲು. ಮಕ್ಕಳ ಪುಸ್ತಕಗಳ ಚಿತ್ರಕಾರರಿಗೆ ಕೊಡುವ ಆಂಡರ್ಸನ್ ಪ್ರಶಸ್ತಿ 1974ರಲ್ಲಿ ಅವರಿಗೇ ಸಂದಿತು. ಮಕ್ಕಳಿಗೆ ಎಲ್ಲವನ್ನೂ ಬಿಡಿಸಿಯೇ ಹೇಳಬೇಕೆನ್ನುವ ನಮ್ಮ ಪ್ರಕಾಶಕರು ಈ ಪುಟಗಳನ್ನೊಮ್ಮೆ ತಿರುವಿಹಾಕಲಿ.