ಲಕ್ವ ಪೀಡಿತರಿಗೆ ಬಡಾವಣೆಯಲ್ಲೇ ಫಿಸಿಯೋಥೆರಪಿ ಸಿಗಲಿ



ಮೂರು ವರ್ಷದ ಹಿಂದೆ ಲಕ್ವ ಹೊಡೆದ ನನ್ನ ತಾಯಿಯ ಎಡಗೈ ಮುಷ್ಟಿ ಬಿಚ್ಚಿಕೊಳ್ಳುವುದೇ ಇಲ್ಲ. ಉಗುರು ಅಂಗೈಗೆ ನಾಟದಂತೆ ಬಟ್ಟೆ ಸುರುಳಿ ಇಡುತ್ತೇವೆ. ರಾತ್ರಿ ಕಾಲು ಸೆಟೆದುಕೊಂಡರೆ ನೋವಿಗೆ ಅತ್ತುಬಿಡುತ್ತಾರೆ. ಮಿದುಳಿನ ಹತೋಟಿ ತಪ್ಪಿ ಸ್ನಾಯು ಹೀಗೆ ಬಿಗಿಯುತ್ತದಂತೆ. ಬಿಗಿತ ಸಡಿಲಿಸಲು ಬ್ಯಾಕ್ಲೋಫೆನ್ ಮಾತ್ರೆಯಿದೆ, ಬೊಟುಲಿನಮ್ ಚುಚ್ಚುಮದ್ದೂ ಇದೆ. ಚುಚ್ಚುಮದ್ದಿನ ಗುಣ ಸುಮಾರು ಮೂರು ತಿಂಗಳು. ದಿನವೂ ಕೈಕಾಲು ಚಾಚಿಸುವ ಫಿಸಿಯೋಥೆರಪಿ ಇಲ್ಲದೆ ಇವು ಸಾಲವು. ಅದಕ್ಕಾಗಿ ಚಿಕ್ಕಲಸಂದ್ರದಿಂದ ಹೊಸೂರು ರಸ್ತೆಯ ನರರೋಗ ಆಸ್ಪತ್ರೆ ನಿಮ್ಹಾನ್ಸ್‌ವರೆಗೆ ಗಾಲಿಕುರ್ಚಿ ಮಡಚಿಕೊಂಡು ಆಟೊದಲ್ಲಿ ಪದೇ ಪದೇ ಹೋಗಿಬರುವುದು ಅವರಿಂದಾಗದು.

ನಿಮ್ಹಾನ್ಸ್ ಜತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದೆ. ಅದರಡಿ ವಾರಕ್ಕೆರಡು ದಿನವಾದರೂ ಬಡಾವಣೆಗಳ ಸರ್ಕಾರಿ ‘ನಮ್ಮ ಕ್ಲಿನಿಕ್’ಗಳಿಗೆ ಫಿಸಿಯೋಥೆರಪಿಸ್ಟ್‌ಗಳನ್ನು ಕಳುಹಿಸಿ, ಮನೆಯವರಿಗೂ ವ್ಯಾಯಾಮ ಕಲಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

– ಓದುಗ, ಚಿಕ್ಕಲಸಂದ್ರ, ಬೆಂಗಳೂರು